ಯೆಜ್ಡಿಯ ಚೇಂಬರ್ ಬಿರಿದಾಗ

ಆನಗೋಡಿನ ಹೆದ್ದಾರಿ ಬದಿ, ಬೆಳಗಿನ ಬಿಸಿಲು. ಮೆಕ್ಕೆಜೋಳದ ಮೂಟೆ ಹೇರಿಕೊಂಡ ಲಾರಿಗಳು ದಾವಣಗೆರೆಯತ್ತ ಸಾಗುತ್ತಿವೆ. ಗ್ಯಾರೇಜೊಂದರ ಮುಂದೆ ಎರಡು ಸೈಲೆನ್ಸರಿನ ಹಳೆಯ ಯೆಜ್ಡಿ ಸ್ಟ್ಯಾಂಡ್ ಹಾಕಿ ನಿಂತಿದೆ. ಅಪ್ಪ ಓಡಿಸಿದ ಗಾಡಿ, ಈಗ ಮಗನ ಕೈಗೆ ಬಂದಿದೆ. ರಾತ್ರಿ ನಿಲ್ಲಿಸಿದ ಜಾಗದಲ್ಲಿ ಬೆಳಿಗ್ಗೆ ನೋಡಿದರೆ ಅಂಗೈಯಗಲ ಎಣ್ಣೆ. ಮೆಕ್ಯಾನಿಕ್ ಬನಿಯನ್ ಬಟ್ಟೆಯಿಂದ ಇಂಜಿನ್ ತಳ ಒರೆಸಿ, ಟಾರ್ಚ್ ಹಿಡಿದು, ಸಣ್ಣ ಗೆರೆಯೊಂದನ್ನು ಉಗುರಿನಿಂದ ತೋರಿಸುತ್ತಾನೆ: "ಪ್ಯಾಕಿಂಗ್ ಹೋಗಿಲ್ಲಣ್ಣ, ಚೇಂಬರ್ ಕ್ರ್ಯಾಕ್ ಬಿಟ್ಟೈತಿ ನೋಡ್ರಿ."

ಅಲ್ಲಿಂದ ಮುಂದೆ ಸಲಹೆಗಳ ಸುರಿಮಳೆ. ಅಂಟು ಮೆತ್ತಿಬಿಡಿ ಎನ್ನುವವರು, ವೆಲ್ಡಿಂಗ್ ಮಾಡಿಸಿ ಎನ್ನುವವರು, ಗುಜರಿಯಲ್ಲಿ ಬೇರೆ ಚೇಂಬರ್ ಸಿಗುತ್ತದೆ ಎನ್ನುವವರು. ಚೇಂಬರ್ ಎಂದರೆ ಇಂಜಿನ್ನಿನ ಒಳಭಾಗಗಳನ್ನು ಹಿಡಿದಿಡುವ ಲೋಹದ ಪೆಟ್ಟಿಗೆ. ಹಳೆಯ ಬೈಕು ಇಟ್ಟುಕೊಂಡವರಿಗೆ ಈ ಮಾತುಗಳೆಲ್ಲ ಅರ್ಧಂಬರ್ಧ ಗೊತ್ತು. ಬಿರಿದ ಲೋಹವನ್ನು ಮತ್ತೆ ಕೂಡಿಸಲು ಬರುತ್ತದೆಯೇ? ಖಂಡಿತ ಬರುತ್ತದೆ. ಆದರೆ ಅದು ಯಾವ ಲೋಹ, ಬಿರಿದ ಜಾಗ ಯಾವುದು, ಬಿರಿದದ್ದೇಕೆ ಎಂದು ತಿಳಿದ ಮೇಲಷ್ಟೇ ವೆಲ್ಡಿಂಗ್ ಮಾತು ಎತ್ತಬೇಕು.

ಮೈಸೂರಿನ ಗಾಡಿ, ಹರಿಹರದ ಲೇತು

ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ಪ್ರಾಗ್ ನಗರದಲ್ಲಿ ಜಾವಾ ಮೋಟರ್‌ಸೈಕಲ್ ತಯಾರಿಕೆ ಆರಂಭಿಸಿದರು. ಆ ಗಾಡಿಯನ್ನು ನಮ್ಮ ನಾಡಿನಲ್ಲೇ ತಯಾರಿಸಲು ಮುಂದಾದದ್ದು ಇರಾನಿ ಎಂಬ ಹೆಸರಿನ ಕುಟುಂಬ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್. 1973ರಿಂದ ಗಾಡಿಯ ಮೇಲೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ತಯಾರಿಕೆ ನಿಂತಿತು.

ಅಂದರೆ ಮೈಸೂರಿನಲ್ಲಿ ತಯಾರಾದ ಕೊನೆಯ ಯೆಜ್ಡಿಗೂ ಈಗ ಮೂವತ್ತರ ಆಸುಪಾಸಿನ ವಯಸ್ಸು. ಜಾವಾ 2018ರಲ್ಲಿ, ಯೆಜ್ಡಿ 2022ರಲ್ಲಿ ಹೊಸ ರೂಪದಲ್ಲಿ ಮಾರುಕಟ್ಟೆಗೆ ಮರಳಿದವು ನಿಜ. ಆದರೆ ಅವು ಫೋರ್ ಸ್ಟ್ರೋಕ್ ಇಂಜಿನ್ನಿನ ಗಾಡಿಗಳು. ಹಳೆಯದಕ್ಕೆ ಅವುಗಳ ಇಂಜಿನ್ ಭಾಗ ಹೊಂದುವುದಿಲ್ಲ. ಹಳೆಯ ಗಾಡಿ ಓಡಬೇಕಾದರೆ ಇರುವ ಭಾಗವನ್ನೇ ಉಳಿಸಿಕೊಳ್ಳಬೇಕು.

ಉಳಿಸಿಕೊಳ್ಳುವ ಕೈಕೆಲಸ ನಮ್ಮ ಸೀಮೆಗೆ ಹೊಸದಲ್ಲ. ಮೈಸೂರು ಕಿರ್ಲೋಸ್ಕರ್ ಕಂಪನಿ 1941ರಲ್ಲಿ ಹರಿಹರದಲ್ಲಿ ನೆಲೆಯೂರಿ ಲೇತು ಯಂತ್ರಗಳನ್ನು ತಯಾರಿಸಿತು. ಆ ಕಾರ್ಖಾನೆಯ ಸುತ್ತ ಬೆಳೆದ ಬಡಾವಣೆಗೆ ಯಂತ್ರಪುರ ಎಂದೇ ಹೆಸರು. ಎರಕ ಹೊಯ್ಯುವುದು, ಅದನ್ನು ಲೇತಿಗೆ ಕಟ್ಟಿ ಅಳತೆಗೆ ತರುವುದು ಅಲ್ಲಿ ನಿತ್ಯದ ಕೆಲಸವಾಗಿತ್ತು. ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿದರೂ ಅಲ್ಲಿ ತಯಾರಾದ ಲೇತುಗಳು ದೇಶದ ಎಷ್ಟೋ ವರ್ಕ್‌ಶಾಪುಗಳಲ್ಲಿ ಇನ್ನೂ ತಿರುಗುತ್ತಿವೆ.

ಇತ್ತ ದಾವಣಗೆರೆ ಹತ್ತಿ ಗಿರಣಿಗಳ ಊರಾಗಿತ್ತು. ಗಿರಣಿ ಯಂತ್ರಗಳ ಮೈಯೆಲ್ಲ ಬೀಡು ಕಬ್ಬಿಣ. ಒಂದು ಗೇರ್ ಚಕ್ರ, ಒಂದು ಬ್ರಾಕೆಟ್ ಮುರಿದರೆ ಬಿಡಿಭಾಗ ದೂರದಿಂದ ಬರುವ ತನಕ ಮಗ್ಗ ನಿಲ್ಲಿಸಲಾಗುತ್ತಿರಲಿಲ್ಲ. ಇಂಥ ಊರುಗಳಲ್ಲಿ ಬೆಸೆಯುವವರಿಗೂ ಲೇತು ಹಿಡಿಯುವವರಿಗೂ ಕೆಲಸ ತಪ್ಪುತ್ತಿರಲಿಲ್ಲ.

ಲೋಹಕ್ಕೂ ದಣಿವಿದೆ

ಗಟ್ಟಿ ಲೋಹ ತಾನಾಗಿಯೇ ಏಕೆ ಬಿರಿಯುತ್ತದೆ? ತಂತಿಯೊಂದನ್ನು ಒಂದೇ ಜಾಗದಲ್ಲಿ ಅತ್ತಿತ್ತ ಬಗ್ಗಿಸುತ್ತಾ ಹೋದರೆ ಅದು ಒಂದು ಹಂತದಲ್ಲಿ ಪಟ್ಟೆಂದು ತುಂಡಾಗುತ್ತದೆ. ಒಂದೊಂದು ಬಾಗೂ ಸಣ್ಣದೇ. ಅವೆಲ್ಲ ಸೇರಿ ತಂತಿಯನ್ನು ಮುರಿಯುತ್ತವೆ. ಬೈಕಿನ ಭಾಗಗಳಲ್ಲೂ ನಡೆಯುವುದು ಇದೇ. ಇಂಜಿನ್ನಿನ ಅದುರು, ರಸ್ತೆಯ ಗುಂಡಿ, ಚೈನಿನ ಜಗ್ಗಾಟ ಲಕ್ಷಾಂತರ ಬಾರಿ ಒಂದೇ ಜಾಗಕ್ಕೆ ಬೀಳುತ್ತವೆ. ಜರ್ಮನಿಯ ಎಂಜಿನಿಯರ್ ಆಗಸ್ಟ್ ವೋಲರ್ 19ನೇ ಶತಮಾನದಲ್ಲಿ ರೈಲಿನ ಅಚ್ಚುಗಳು ಏಕೆ ಮುರಿಯುತ್ತವೆಂದು ಪರೀಕ್ಷಿಸುತ್ತಾ ಈ ದಣಿವಿನ ನಿಯಮಗಳನ್ನು ಕಂಡುಕೊಂಡರು. ಉಕ್ಕಿನ ಮೇಲೆ ಬೀಳುವ ಭಾರ ಒಂದು ಮಿತಿಯೊಳಗಿದ್ದರೆ ಅದು ಬಹುಕಾಲ ತಾಳಿಕೊಳ್ಳುತ್ತದೆ. ಅಲ್ಯೂಮಿನಿಯಂಗೆ ಅಂಥ ಸ್ಪಷ್ಟ ಮಿತಿ ಇಲ್ಲ. ಅದರ ಮೇಲೆ ಬಿದ್ದ ಸಣ್ಣ ಪೆಟ್ಟುಗಳೂ ಲೆಕ್ಕಕ್ಕೆ ಸೇರುತ್ತಾ ಹೋಗುತ್ತವೆ.

ಬಿರುಕು ಸಾಮಾನ್ಯವಾಗಿ ಹುಟ್ಟುವುದು ಚೂಪು ಮೂಲೆಗಳಲ್ಲಿ, ಬೋಲ್ಟಿನ ತೂತಿನ ಸುತ್ತ, ದಪ್ಪ ಭಾಗ ತೆಳುವಾಗುವ ಕಡೆ. ಯೆಜ್ಡಿಯಲ್ಲಿ ಇಂಜಿನ್ ಬೋಲ್ಟು ಕೂರುವ ಕಿವಿಗಳು ಇಂಥ ಜಾಗ. ಬೋಲ್ಟ್ ಸಡಿಲವಾದರೆ ಇಂಜಿನ್ನಿನ ಅದುರೆಲ್ಲ ಆ ಕಿವಿಗೇ ಬೀಳುತ್ತದೆ. ಒಂದೇ ಏಟಿಗೆ ಆಗುವ ಬಿರುಕೂ ಉಂಟು. ಹಳೆಯ ಚೈನ್ ಓಡುವಾಗ ತುಂಡಾದರೆ ಮುಂದಿನ ಹಲ್ಲುಚಕ್ರದ ಬಳಿ ಗಂಟಾಗಿ ಚೇಂಬರಿನ ಗೋಡೆಗೆ ಬಡಿಯುತ್ತದೆ.

ಆದ್ದರಿಂದ ಬಿರುಕು ಕಂಡ ಕೂಡಲೇ ಕೇಳಬೇಕಾದದ್ದು ವೆಲ್ಡಿಂಗ್ ದರವನ್ನಲ್ಲ, ಬಿರುಕಿನ ಕಾರಣವನ್ನು. ಸಡಿಲ ಬೋಲ್ಟನ್ನೋ ಸವೆದ ಚೈನನ್ನೋ ಹಾಗೇ ಬಿಟ್ಟು ಗೋಡೆಯನ್ನು ಮಾತ್ರ ಬೆಸೆದರೆ, ಬೆಸುಗೆಯ ಪಕ್ಕದಲ್ಲೇ ಹೊಸ ಬಿರುಕು ಏಳುತ್ತದೆ.

ಟು ಸ್ಟ್ರೋಕ್ ಗಾಡಿಗೆ ಗಾಳಿಯೇ ಗಂಡಾಂತರ

ಹಳೆಯ ಜಾವಾ, ಯೆಜ್ಡಿಗಳ 250 ಸಿಸಿ ಇಂಜಿನ್ ಟು ಸ್ಟ್ರೋಕ್. ಇಲ್ಲಿ ಕ್ರ್ಯಾಂಕ್ ತಿರುಗುವ ಚೇಂಬರ್ ಬರಿಯ ಪೆಟ್ಟಿಗೆಯಲ್ಲ. ಕಾರ್ಬೊರೇಟರಿನಿಂದ ಬಂದ ಪೆಟ್ರೋಲ್, ಆಯಿಲ್ ಮತ್ತು ಗಾಳಿಯ ಮಿಶ್ರಣ ಮೊದಲು ಈ ಚೇಂಬರಿಗೆ ಬರುತ್ತದೆ. ಪಿಸ್ಟನ್ ಕೆಳಗಿಳಿಯುವಾಗ ಅಲ್ಲಿ ಒತ್ತಡಕ್ಕೆ ಸಿಕ್ಕಿ ಸಿಲಿಂಡರಿನೊಳಗೆ ನುಗ್ಗುತ್ತದೆ. ಹೀಗಾಗಿ ಆ ಜಾಗ ಗಾಳಿಯಾಡದಂತೆ ಬಿಗಿಯಾಗಿರಲೇಬೇಕು.

ಅಲ್ಲೊಂದು ಸಣ್ಣ ಬಿರುಕು ಬಿದ್ದರೆ ಚೇಂಬರ್ ಹೊರಗಿನ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಮಿಶ್ರಣದಲ್ಲಿ ಗಾಳಿ ಹೆಚ್ಚಿ ಪೆಟ್ರೋಲ್ ಕಡಿಮೆಯಾಗುತ್ತದೆ. ಪೆಟ್ರೋಲಿನ ಜೊತೆಗೇ ಬರಬೇಕಾದ ಆಯಿಲ್ಲೂ ಕಡಿಮೆಯಾಗುತ್ತದೆ. ಇಂಜಿನ್ ಮಿತಿಮೀರಿ ಕಾಯ್ದು ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಓಡುವ ಗಾಡಿಯ ಹಿಂದಿನ ಚಕ್ರ ಗಕ್ಕನೆ ನಿಂತರೆ ಸವಾರನ ಗತಿಯೇನು? ಗೇರ್ ಬಾಕ್ಸ್ ಕಡೆಯ ಬಿರುಕು ಎಣ್ಣೆ ಸುರಿಸಿ ತನ್ನ ಇರುವಿಕೆ ತಿಳಿಸುತ್ತದೆ. ಕ್ರ್ಯಾಂಕ್ ಕಡೆಯ ಬಿರುಕು ಸದ್ದಿಲ್ಲದೆ ಗಾಳಿ ಕುಡಿಯುತ್ತದೆ. ಎರಡನೆಯದು ಹೆಚ್ಚು ಅಪಾಯಕಾರಿ.

ಕಣ್ಣಿಗೆ ಕಾಣದ್ದನ್ನು ಹುಡುಕುವುದು

ಕಾಣುವ ಬಿರುಕು ಒಂದು ಇಂಚಿದ್ದರೆ ಕಾಣದ್ದು ಇನ್ನೂ ಅರ್ಧ ಇಂಚು ಇರಬಹುದು. ಅದರ ತುದಿ ಹುಡುಕದೆ ಬೆಸೆದರೆ ಉಳಿದ ಭಾಗದಿಂದ ಅದು ಮುಂದುವರಿಯುತ್ತದೆ. ಹಳಬರ ಉಪಾಯ ಸರಳ: ಭಾಗವನ್ನು ತೊಳೆದು ಸೀಮೆಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಡುವುದು, ಮೇಲ್ಮೈಯನ್ನು ಚೆನ್ನಾಗಿ ಒರೆಸಿ ಸೀಮೆಸುಣ್ಣದ ಪುಡಿ ಬಳಿಯುವುದು. ಬಿರುಕಿನೊಳಗೆ ಇಳಿದಿದ್ದ ಎಣ್ಣೆ ಮೆಲ್ಲಗೆ ಹೊರಬಂದು ಬಿಳಿಯ ಪುಡಿಯ ಮೇಲೆ ಗೆರೆ ಮೂಡಿಸುತ್ತದೆ.

ಈಗ ಇದೇ ತತ್ವದ ಸ್ಪ್ರೇ ಡಬ್ಬಿಗಳು ಸಿಗುತ್ತವೆ. ಕೆಂಪು ಬಣ್ಣ ಸಿಂಪಡಿಸಿ, ಒರೆಸಿ, ಬಿಳಿಯ ದ್ರವ ಸಿಂಪಡಿಸಿದರೆ ಬಿರುಕಿದ್ದ ಕಡೆ ಕೆಂಪು ಗೆರೆ ಎದ್ದು ಕಾಣುತ್ತದೆ. ತುದಿ ಸಿಕ್ಕ ಮೇಲೆ ಅಲ್ಲೊಂದು ಸಣ್ಣ ತೂತು ಕೊರೆಯುತ್ತಾರೆ. ಚೂಪಾದ ತುದಿಯಲ್ಲಿ ಒಟ್ಟಾಗುತ್ತಿದ್ದ ಬಲ ಗುಂಡಗಿನ ತೂತಿನ ಸುತ್ತ ಹಂಚಿಹೋಗುತ್ತದೆ, ಬಿರುಕು ಅಲ್ಲಿಗೆ ನಿಲ್ಲುತ್ತದೆ. ಆಮೇಲೆ ಬಿರುಕಿನುದ್ದಕ್ಕೂ ಗ್ರೈಂಡರಿನಿಂದ ವಿ ಆಕಾರದ ಕಾಲುವೆ ತೆಗೆದು ಬೆಸುಗೆ ಆಳಕ್ಕಿಳಿಯಲು ದಾರಿ ಮಾಡುತ್ತಾರೆ.

ಬೀಡು ಕಬ್ಬಿಣ: ನಿಧಾನವೇ ಮದ್ದು

ಹಳೆಯ ಬುಲೆಟ್, ಜಾವಾಗಳ ಸಿಲಿಂಡರ್ ಬೀಡು ಕಬ್ಬಿಣದ್ದು. ಭದ್ರಾವತಿಯ ಮೈಸೂರು ಕಬ್ಬಿಣ ಕಾರ್ಖಾನೆ 1923ರಿಂದ ಬೀಡು ಕಬ್ಬಿಣ ಹೊರತೆಗೆದದ್ದರಿಂದ ಈ ಲೋಹ ನಮ್ಮ ಭಾಗಕ್ಕೆ ಚಿರಪರಿಚಿತ. ಇದರಲ್ಲಿ ಇಂಗಾಲದ ಪಾಲು ಶೇ 2ರಿಂದ 4. ಮಾಮೂಲಿ ಉಕ್ಕಿನಲ್ಲಿ ಅದರ ಹತ್ತನೇ ಒಂದು ಭಾಗದಷ್ಟೂ ಇರುವುದು ಕಷ್ಟ. ಹೆಚ್ಚಿನ ಇಂಗಾಲ ಕಬ್ಬಿಣದೊಳಗೆ ತೆಳು ಪದರಗಳಾಗಿ ಹರಡಿರುತ್ತದೆ. ಆದ್ದರಿಂದಲೇ ಅದನ್ನು ಎರಕ ಹೊಯ್ಯುವುದು ಸುಲಭ, ಸವೆತವನ್ನೂ ಅದು ಚೆನ್ನಾಗಿ ತಾಳಿಕೊಳ್ಳುತ್ತದೆ. ಆದರೆ ಬಾಗುವ ಗುಣವಿಲ್ಲ, ಎಳೆದರೆ ಬಿರಿಯುತ್ತದೆ.

ಗೇಟು, ಕಿಟಕಿ ಬೆಸೆಯುವ ಕಡ್ಡಿಯಿಂದಲೇ ಬೀಡು ಕಬ್ಬಿಣಕ್ಕೂ ವೆಲ್ಡಿಂಗ್ ಹೊಡೆಯುವುದು ದೊಡ್ಡ ತಪ್ಪು. ಬೆಸೆದ ಜಾಗ ಕಾಯ್ದು ಹಿಗ್ಗುತ್ತದೆ, ಸುತ್ತಲಿನ ಭಾಗ ತಣ್ಣಗೇ ಇರುತ್ತದೆ. ಆರುವಾಗ ಬೆಸುಗೆ ಕುಗ್ಗಿ ಪಕ್ಕದ ಲೋಹವನ್ನು ಎಳೆಯುತ್ತದೆ. ಬೇಗ ಆರಿದ ಅಂಚು ಗಾಜಿನಷ್ಟೇ ಬಿರುಸಾಗಿ 'ಟಿಕ್' ಎಂದು ಬಿಟ್ಟುಕೊಳ್ಳುತ್ತದೆ.

ಬಲ್ಲವರು ಇಡೀ ಭಾಗವನ್ನು ಮೊದಲೇ ಸಮನಾಗಿ ಕಾಯಿಸುತ್ತಾರೆ. ನಿಕ್ಕಲ್ ಕಡ್ಡಿ ಹಿಡಿದು ಒಂದೊಂದೇ ಇಂಚು ಬೆಸೆಯುತ್ತಾರೆ. ಪ್ರತಿ ತುಣುಕಿಗೂ ಸಣ್ಣ ಸುತ್ತಿಗೆಯಿಂದ ಹಗುರವಾಗಿ ತಟ್ಟಿ ಕುಗ್ಗುವಿಕೆಯ ಎಳೆತ ಕಳೆಯುತ್ತಾರೆ. ಮುಗಿದ ಮೇಲೆ ಒಣ ಮರಳಿನಲ್ಲೋ ಬೂದಿಯಲ್ಲೋ ಹೂತು, ಗಂಟೆಗಟ್ಟಲೆ ತಾನಾಗಿಯೇ ಆರಲು ಬಿಡುತ್ತಾರೆ. ನೀರು ಹಾಕಿ ಆರಿಸಿದರೆ ಮಾಡಿದ ಕೆಲಸವೆಲ್ಲ ಹಾಳು.

ಇನ್ನೊಂದು ದಾರಿ ಹಿತ್ತಾಳೆ ವೆಲ್ಡಿಂಗ್. ಬೀಡು ಕಬ್ಬಿಣ ಕರಗಲು 1,150 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಶಾಖ ಬೇಕು. ಹಿತ್ತಾಳೆ ಕಡ್ಡಿ ಸುಮಾರು 900 ಡಿಗ್ರಿಗೇ ಕರಗಿ ಹರಿಯುತ್ತದೆ. ಮೂಲ ಲೋಹ ಕರಗುವುದೇ ಇಲ್ಲವಾದ್ದರಿಂದ ಬಿರುಸಾಗುವ ಭಯ ಕಡಿಮೆ. ಮುರಿದ ಕೂಲಿಂಗ್ ಫಿನ್ ಕೂರಿಸಲು ಇದು ಒಳ್ಳೆಯ ವಿಧಾನ. ಬೆಂಕಿಯೇ ಬೇಡವೆನ್ನುವವರಿಗೆ ಹೊಲಿಗೆಯ ವಿಧಾನವೂ ಇದೆ. ಬಿರುಕಿನುದ್ದಕ್ಕೂ ಒಂದರ ಮೇಲೊಂದು ತಾಗುವಂತೆ ತೂತು ಕೊರೆದು, ಮರೆ ಹಾಕಿ ಸ್ಕ್ರೂಗಳನ್ನು ಬಿಗಿದು, ಮೇಲ್ಮೈ ಸಮ ಮಾಡುತ್ತಾರೆ. ಶಾಖವೇ ಇಲ್ಲದ ಕಾರಣ ಭಾಗ ಸೊಟ್ಟಗಾಗುವುದಿಲ್ಲ.

ಅಲ್ಯೂಮಿನಿಯಂ: ಬಣ್ಣ ಬದಲಿಸದೆ ಕರಗುವ ಲೋಹ

ಚೇಂಬರ್, ಸಿಲಿಂಡರ್ ಹೆಡ್, ಸೈಡ್ ಕವರುಗಳು ಅಲ್ಯೂಮಿನಿಯಂ ಮಿಶ್ರಲೋಹದ ಎರಕ. ಕಬ್ಬಿಣ ಕೆಂಪಾಗಿ ತನ್ನ ಶಾಖ ತಿಳಿಸುತ್ತದೆ. ಅಲ್ಯೂಮಿನಿಯಂ ಬಣ್ಣ ಬದಲಿಸದೆ, ಸುಳಿವನ್ನೇ ಕೊಡದೆ ದಿಢೀರನೆ ಕುಸಿದು ಬೀಳುತ್ತದೆ. ಶುದ್ಧ ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ, ಎರಕದ ಮಿಶ್ರಲೋಹ ಅದಕ್ಕೂ ಮೊದಲೇ. ಆದರೆ ಅದರ ಮೈಮೇಲಿನ ತೆಳುವಾದ ಆಕ್ಸೈಡ್ ಪೊರೆ ಕರಗಲು 2,000 ಡಿಗ್ರಿಗೂ ಹೆಚ್ಚು ಶಾಖ ಬೇಕು. ಒಳಗೆ ಲೋಹ ನೀರಾದರೂ ಮೇಲಿನ ಪೊರೆ ಹಾಗೇ ಉಳಿದು ಎರಡು ಅಂಚು ಕೂಡದಂತೆ ತಡೆಯುತ್ತದೆ.

ನಮ್ಮ ಕಡೆ ಆರ್ಗಾನ್ ವೆಲ್ಡಿಂಗ್ ಎಂದು ಕರೆಯುವ ವಿಧಾನ ಇದಕ್ಕೆ ಉತ್ತರ. ಟಂಗ್‌ಸ್ಟನ್ ಸೂಜಿಯ ತುದಿಯಲ್ಲಿ ವಿದ್ಯುತ್ ಕಿಡಿ ಹೊತ್ತುತ್ತದೆ. ಸುತ್ತ ಹರಿಯುವ ಆರ್ಗಾನ್ ಅನಿಲ ಗಾಳಿಯ ಆಮ್ಲಜನಕವನ್ನು ದೂರವಿಡುತ್ತದೆ. ದಿಕ್ಕು ಬದಲಿಸುತ್ತಾ ಹರಿಯುವ ಎಸಿ ವಿದ್ಯುತ್ತು ಒಂದು ಸರದಿಯಲ್ಲಿ ಪೊರೆಯನ್ನು ಒಡೆದರೆ ಇನ್ನೊಂದು ಸರದಿಯಲ್ಲಿ ಲೋಹವನ್ನು ಕರಗಿಸುತ್ತದೆ. ತುಂಬಲು ಸಿಲಿಕಾನ್ ಬೆರೆತ ಅಲ್ಯೂಮಿನಿಯಂ ಕಡ್ಡಿ ಬಳಸುತ್ತಾರೆ.

ಹಳೆಯ ಚೇಂಬರಿನ ದೊಡ್ಡ ತೊಡಕು ಎಣ್ಣೆ. ದಶಕಗಳ ಆಯಿಲ್ ಎರಕದ ಸಣ್ಣ ರಂಧ್ರಗಳಿಗೆ ಇಳಿದಿರುತ್ತದೆ. ಬೆಸೆಯಲು ಹೋದಾಗ ಅದು ಸುಟ್ಟು, ಹೊಮ್ಮಿದ ಅನಿಲ ಬೆಸುಗೆಯೊಳಗೆ ಗುಳ್ಳೆಯಾಗಿ ಉಳಿಯುತ್ತದೆ. ಅದಕ್ಕೇ ತೊಳೆದು, ಹದವಾಗಿ ಕಾಯಿಸಿ, ಹೊರಬಂದ ಎಣ್ಣೆ ಒರೆಸಿ, ಮತ್ತೆ ಕಾಯಿಸಬೇಕು. ಬ್ರಷ್ಷು ಸ್ಟೇನ್‌ಲೆಸ್ ತಂತಿಯದ್ದಾಗಿರಬೇಕು, ಬೇರೆ ಲೋಹಕ್ಕೆ ಬಳಸಿದ್ದಾಗಿರಬಾರದು. ಕ್ಲೋರಿನ್ ಇರುವ ಕ್ಲೀನರ್ ಸ್ಪ್ರೇಯಿಂದ ತೊಳೆದು ಬೆಸೆಯಲೇಬಾರದು. ವೆಲ್ಡಿಂಗ್ ಶಾಖಕ್ಕೆ ಅದರಿಂದ ಫಾಸ್ಜೀನ್ ಎಂಬ ಪ್ರಾಣಾಂತಕ ಅನಿಲ ಹುಟ್ಟಬಹುದು.

ಕಾರ್ಬೊರೇಟರಿನ ಮೈ ಕೂಡ ನೋಡಲು ಅಲ್ಯೂಮಿನಿಯಂನಂತೆಯೇ ಇರುತ್ತದೆ. ಆದರೆ ಹಳೆಯ ಕಾರ್ಬೊರೇಟರುಗಳಲ್ಲಿ ಹೆಚ್ಚಿನವು ಸತುವಿನ ಮಿಶ್ರಲೋಹದವು. ಕೈಯಲ್ಲಿ ಹಿಡಿದರೆ ತೂಕದಲ್ಲೇ ವ್ಯತ್ಯಾಸ ತಿಳಿಯುತ್ತದೆ. ಸುಮಾರು 400 ಡಿಗ್ರಿಗೇ ಕರಗುವ ಅದಕ್ಕೆ ಆರ್ಗಾನ್ ಹಿಡಿದರೆ ಭಾಗವೇ ಕೈಬಿಟ್ಟುಹೋಗುತ್ತದೆ.

ಬೆಸೆದ ಮೇಲೂ ಅರ್ಧ ಕೆಲಸ ಬಾಕಿ

ವೆಲ್ಡಿಂಗ್ ಮುಗಿದ ಭಾಗವನ್ನು ನೇರವಾಗಿ ಜೋಡಿಸಲು ಬರುವುದಿಲ್ಲ. ಶಾಖಕ್ಕೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ, ಹಿಗ್ಗಿದ್ದು ಕುಗ್ಗುವಾಗ ಸೊಟ್ಟಗಾಗುತ್ತದೆ. ಚೇಂಬರಿನ ಎರಡು ಹೋಳು ಕೂಡುವ ಮುಖ ಸಮವಾಗಿದೆಯೇ, ಬೇರಿಂಗ್ ಕೂರುವ ಮನೆ ಗುಂಡಗೇ ಉಳಿದಿದೆಯೇ, ಎರಡೂ ಕಡೆಯ ಬೇರಿಂಗ್ ಮನೆಗಳು ಒಂದೇ ನೇರಕ್ಕಿವೆಯೇ ಎಂದು ಅಳೆಯಬೇಕು. ಇದು ಲೇತಿನವರ ಸರದಿ. ಹರಿಹರದ ಹಳೆಯ ಪಾಠ ಕೆಲಸಕ್ಕೆ ಬರುವುದು ಇಲ್ಲೇ.

ಬೇರಿಂಗ್ ಮನೆ ಸಡಿಲವಾಗಿದ್ದರೆ ಒಳಗೋಡೆಗೆ ಪಂಚಿನಿಂದ ಚುಕ್ಕಿ ಹೊಡೆದು ಬಿಗಿ ಮಾಡುವ ರೂಢಿ ಕೆಲವೆಡೆ ಇದೆ. ಅದು ನಾಲ್ಕು ದಿನದ ಉಪಾಯ. ಮನೆಯನ್ನು ಬೋರ್ ಮಾಡಿಸಿ ಅಳತೆಗೆ ಸರಿಯಾದ ಸ್ಲೀವ್ ಕೂರಿಸುವುದೇ ಶಾಶ್ವತ ದಾರಿ. ಬೇರಿಂಗ್ ಕೂರಿಸುವಾಗಲೂ ಸುತ್ತಿಗೆ ಬೇಡ. ಚೇಂಬರನ್ನು ಸುಮಾರು 100 ಡಿಗ್ರಿಗೆ ಕಾಯಿಸಿದರೆ ಮನೆ ಹಿಗ್ಗಿ ಬೇರಿಂಗ್ ಸಲೀಸಾಗಿ ಇಳಿಯುತ್ತದೆ.

ಕೊನೆಗೆ ಸೋರುವಿಕೆಯ ಪರೀಕ್ಷೆ. ಟು ಸ್ಟ್ರೋಕ್ ಇಂಜಿನ್ ಜೋಡಿಸಿ, ಎಲ್ಲ ಬಾಯಿ ಮುಚ್ಚಿ, ಐದಾರು ಪೌಂಡಿನಷ್ಟು ಗಾಳಿ ತುಂಬಿ ಸೋಪಿನ ನೀರು ಬಳಿಯಬೇಕು. ಗುಳ್ಳೆ ಏಳದಿದ್ದರೆ, ಗೇಜಿನ ಮುಳ್ಳು ಇಳಿಯದಿದ್ದರೆ ಕೆಲಸ ಗಟ್ಟಿ. ಇಷ್ಟು ಮಾಡದೆ ಗಾಡಿ ಹೊರಗೆ ಕಳಿಸುವುದು ಸರಿಯಲ್ಲ.

ಬೆಸೆಯಲೇಬಾರದ ಭಾಗಗಳು

ಕೆಲಸ ಬಲ್ಲವನನ್ನು ಅವನು ಒಲ್ಲೆನೆಂದು ವಾಪಸ್ ಕಳಿಸುವ ಭಾಗಗಳಿಂದಲೂ ಗುರುತಿಸಬಹುದು. ಹ್ಯಾಂಡಲ್ ಬಾರ್, ಮುಂದಿನ ಫೋರ್ಕ್, ಚಕ್ರದ ಆಕ್ಸಲ್, ಬ್ರೇಕ್ ಡ್ರಮ್, ಬ್ರೇಕ್ ಎಳೆಯುವ ಸರಳು, ಕನೆಕ್ಟಿಂಗ್ ರಾಡ್: ಇವು ಬಿರಿದರೆ ಬೆಸುಗೆ ಬೇಡ, ಬದಲಿಸಿ. ಇಲ್ಲಿ ಬೆಸುಗೆ ಬಿಟ್ಟುಕೊಂಡರೆ ಹೋಗುವುದು ಜೀವ. ಫ್ರೇಮ್ ಬಿರಿದರೆ ಬೆಸೆಯಬಹುದು, ಆದರೆ ಮೊದಲು ಅದು ನೇರವಾಗಿದೆಯೇ ಎಂದು ಅಳೆದು, ಒಳಗೊಂದು ಕೊಳವೆ ಕೊಟ್ಟು ಬಲಪಡಿಸಿ ಬೆಸೆಯಬೇಕು.

ಪೆಟ್ರೋಲ್ ಟ್ಯಾಂಕಿನ ವಿಷಯದಲ್ಲಿ ಎಷ್ಟು ಎಚ್ಚರಿಸಿದರೂ ಸಾಲದು. ಖಾಲಿ ಟ್ಯಾಂಕ್ ಸುರಕ್ಷಿತ ಎಂಬುದು ಸುಳ್ಳು. ತುಂಬಿದ ಟ್ಯಾಂಕಿಗಿಂತ, ಪೆಟ್ರೋಲ್ ಆವಿ ಮತ್ತು ಗಾಳಿ ಬೆರೆತ ಖಾಲಿ ಟ್ಯಾಂಕೇ ಸುಲಭವಾಗಿ ಸಿಡಿಯುತ್ತದೆ. ಹಲವು ಸಲ ತೊಳೆದು, ಬೆಸೆಯುವ ಜಾಗ ಬಿಟ್ಟು ಉಳಿದುದಕ್ಕೆ ನೀರು ತುಂಬಿ, ಅನುಭವಿಗಳಿಂದಷ್ಟೇ ಮಾಡಿಸಬೇಕು.

ಚೇಂಬರಿನ ಮೇಲಿನ ನಂಬರು

ಗುಜರಿಯಿಂದ ಬೇರೆ ಚೇಂಬರ್ ತಂದು ಹಾಕಿದರೆ ಇಷ್ಟೆಲ್ಲ ರಗಳೆ ಏಕೆ ಎಂದು ಕೇಳುವವರಿದ್ದಾರೆ. ಚೇಂಬರಿನ ಎರಡು ಹೋಳುಗಳು ಜೊತೆಯಾಗಿ ಅಳತೆಗೆ ಬಂದವು. ಬೇರೆ ಇಂಜಿನ್ನಿನ ಒಂದು ಹೋಳು ತಂದರೆ ಬೇರಿಂಗುಗಳ ನೇರ ತಪ್ಪುವ ಸಂಭವ ಹೆಚ್ಚು. ಇನ್ನೂ ದೊಡ್ಡ ಕಾರಣ, ಇಂಜಿನ್ ನಂಬರ್ ಒತ್ತಿರುವುದು ಚೇಂಬರಿನ ಮೇಲೆ. ಆರ್‌ಸಿಯಲ್ಲಿ ದಾಖಲಾಗಿರುವುದು ಅದೇ ನಂಬರು. ಇಂಜಿನ್ ಬದಲಿಸುವುದಾದರೆ ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಆರ್‌ಟಿಒ ದಾಖಲೆಗೆ ತರಬೇಕು. ತರದಿದ್ದರೆ ನೋಂದಣಿ ನವೀಕರಣಕ್ಕೂ ಮಾರಾಟಕ್ಕೂ ವಿಮೆಗೂ ತೊಡಕು.

ಕೇಂದ್ರ ಸರ್ಕಾರ 2021ರಲ್ಲಿ ವಿಂಟೇಜ್ ವಾಹನಗಳಿಗೆಂದೇ ನಿಯಮ ರೂಪಿಸಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿ, ಮೂಲ ರೂಪದಲ್ಲೇ ಉಳಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳು ಇದಕ್ಕೆ ಅರ್ಹ. ಅರವತ್ತರ ದಶಕದ ಮೈಸೂರು ಜಾವಾಗಳು ಈ ವಯಸ್ಸನ್ನು ಆಗಲೇ ದಾಟಿವೆ. ಬೆಸೆದು ಉಳಿಸಿದ ಮೂಲ ಚೇಂಬರ್ ಗಾಡಿಯ ಗುರುತನ್ನೂ ಉಳಿಸುತ್ತದೆ. ನಂಬರಿನ ಅಕ್ಷರಗಳ ಹತ್ತಿರ ಗ್ರೈಂಡರ್ ತರಬೇಡಿ ಎಂದು ಬೆಸೆಯುವವರಿಗೆ ಮೊದಲೇ ಹೇಳಿ, ಕೆಲಸಕ್ಕೆ ಮುನ್ನ ಅದರ ಫೋಟೊ ತೆಗೆದಿಟ್ಟುಕೊಳ್ಳುವುದು ಜಾಣತನ.

ಕೂಲಿ ಯಾವುದಕ್ಕೆ?

ಭಾಗ ಕೊಡುವ ಮುನ್ನ ಮಾಲೀಕ ಕೇಳಬೇಕಾದ ಪ್ರಶ್ನೆಗಳು ಕೆಲವೇ. ಇದು ಯಾವ ಲೋಹ? ಬಿರುಕಿನ ತುದಿ ಎಲ್ಲಿದೆ? ಯಾವ ಕಡ್ಡಿ ಬಳಸುತ್ತೀರಿ? ಹೇಗೆ ಆರಿಸುತ್ತೀರಿ? ಅಳತೆ ನೋಡುವವರು ಯಾರು? ಇವಕ್ಕೆ ತಾಳ್ಮೆಯಿಂದ ಉತ್ತರಿಸುವ ಅಂಗಡಿಗೆ ಕೊಡಿ, ಎರಡು ದಿನ ತಡವಾದರೂ ಪರವಾಗಿಲ್ಲ.

ನಮ್ಮ ರೂಢಿ ಇದಕ್ಕೆ ಉಲ್ಟಾ. ಬೆಸುಗೆ ಎಷ್ಟು ಇಂಚು, ಎಷ್ಟು ಕಡ್ಡಿ ಎಂದು ಲೆಕ್ಕ ಹಾಕಿ ಚೌಕಾಸಿ ಮಾಡುತ್ತೇವೆ. ಕಿಡಿ ಹೊತ್ತುವುದು ಕೆಲವೇ ನಿಮಿಷ. ತೊಳೆಯುವುದು, ಹುಡುಕುವುದು, ಕಾಯಿಸುವುದು, ಕಾಯುವುದು, ಅಳೆಯುವುದು ದಿನಗಟ್ಟಲೆಯ ಕೆಲಸ. ಅದಕ್ಕೆ ಬೆಲೆ ಸಿಗದಿದ್ದರೆ ಬಲ್ಲವರೂ ಬಿಟ್ಟುಬಿಡುತ್ತಾರೆ. ಕಲಿಯಲು ಬಂದ ಹುಡುಗರು ಗೇಟು, ಗ್ರಿಲ್ ಬೆಸೆಯುವ ಕಡೆಗೆ ಹೋಗುತ್ತಾರೆ, ಅಲ್ಲಿ ದುಡ್ಡು ಬೇಗ.

1951ರಲ್ಲಿ ಆರಂಭವಾದ ಬಿಡಿಟಿ ಎಂಜಿನಿಯರಿಂಗ್ ಕಾಲೇಜು ದಾವಣಗೆರೆಯಲ್ಲಿದೆ. ವೆಲ್ಡರ್, ಟರ್ನರ್ ತರಬೇತಿ ಕೊಡುವ ಐಟಿಐಗಳಿವೆ. ಹಳೆಯ ಲೇತು ಕೆಲಸಗಾರರನ್ನು ಅಲ್ಲಿಗೆ ಕರೆಸಿ, ಬೀಡು ಕಬ್ಬಿಣ ಆರಿಸುವ ಹದ, ಅಲ್ಯೂಮಿನಿಯಂ ಕಾಯಿಸುವ ಹದವನ್ನು ವಿದ್ಯಾರ್ಥಿಗಳ ಕೈಯಿಂದಲೇ ಮಾಡಿಸಬೇಕು. ಪುಸ್ತಕದ ಸೂತ್ರ ಮತ್ತು ಅಂಗಡಿಯ ಅನುಭವ ಒಂದೆಡೆ ಸೇರಲು ದಾವಣಗೆರೆ, ಹರಿಹರ ಎಂಬ ನಮ್ಮ ಜೋಡಿ ಊರುಗಳಿಗಿಂತ ಸೂಕ್ತ ಜಾಗ ಸಿಗುವುದು ಕಷ್ಟ. ಪಂಪ್‌ಸೆಟ್, ಟ್ರ್ಯಾಕ್ಟರ್, ಒಕ್ಕಣೆ ಯಂತ್ರಗಳ ಭಾಗಗಳೂ ಇದೇ ಲೋಹದವು, ಇದೇ ರೀತಿ ಬಿರಿಯುತ್ತವೆ. ಯೆಜ್ಡಿಯ ಚೇಂಬರ್ ಉಳಿಸಲು ಕಲಿತ ಕೈ ಸುಗ್ಗಿಯ ಹೊತ್ತಿಗೆ ನಿಂತುಹೋದ ರೈತನ ಯಂತ್ರವನ್ನೂ ಓಡಿಸಬಲ್ಲದು. ಆ ಕೈಗೆ ಕೊಡುವ ಕೂಲಿಯನ್ನು ಕಡ್ಡಿಯ ಲೆಕ್ಕದಿಂದ ಬಿಡಿಸಿ ತಿಳಿವಳಿಕೆಯ ಲೆಕ್ಕಕ್ಕೆ ತರುವುದು ಗಾಡಿ ಪ್ರೀತಿಸುವ ನಾವೆಲ್ಲ ಇವತ್ತಿನಿಂದಲೇ ಮಾಡಬಹುದಾದ ಕೆಲಸ.